ಬುಧವಾರ ರಾತ್ರಿ ಎಂಟು ಗಂಟೆಯ ಪೇಸ್ಟು



ಈ ಸಲ ಹಾಡು, ಸಿನಿಮಾ, ಸಂದರ್ಶನ ಎಲ್ಲಕ್ಕೂ ಸ್ವಲ್ಪ ರಜೆ. ಹಲ್ಲಿನ ವಿಷಯ ಮಾತಾಡೋಣ. ಅದರಲ್ಲೂ ಮಕ್ಕಳ ಹಲ್ಲು. ನಗಬೇಡಿ! ನಕ್ಕರೂ ಪರವಾಗಿಲ್ಲ, ಈ ವಿಷಯಕ್ಕೆ ನಗುವೇ ಒಳ್ಳೆಯದು.

ಇದೆಲ್ಲ ಶುರುವಾದದ್ದು ಪುಣೆಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ. ಅವಳ ಮಗಳಿಗೆ ಆಗ ನಾಲ್ಕು ವರ್ಷ. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಮೇಲೆ ಮೊದಲು ಸುಣ್ಣದ ಗೆರೆ ಎಳೆದ ಹಾಗೆ ಬಿಳಿ ಕಾಣಿಸಿತು. ಆಮೇಲೆ ಕಂದು. ಆಮೇಲೆ ಹಲ್ಲಿನ ಅಂಚೇ ಕರಗಿದ ಹಾಗೆ. 'ಬೀಳೋ ಹಲ್ಲು ತಾನೇ, ಹೊಸದು ಬರುತ್ತೆ ಬಿಡು' ಅಂದರು ಎಲ್ಲರೂ. ಹಾಗೆ ಅಂದವರಲ್ಲಿ ನಾನೂ ಒಬ್ಬಳು. ಒಂದು ರಾತ್ರಿ ಎರಡು ಗಂಟೆಗೆ ಮಗು ಚೀರಿಕೊಂಡು ಎದ್ದಳು. ಬೆಳಗಾಗುವಷ್ಟರಲ್ಲಿ ತುಟಿ ಊದಿಕೊಂಡಿತ್ತು.

ದಂತವೈದ್ಯೆ ಬಾಯಿ ನೋಡಿ, ಅಕ್ಕನ ಕಡೆ ತಿರುಗಿ ಎರಡೇ ಪ್ರಶ್ನೆ ಕೇಳಿದರು. 'ರಾತ್ರಿ ಮಲಗೋವಾಗ ಏನು ಕೊಡ್ತೀರಿ?' ಬಾಟಲಿಯಲ್ಲಿ ಸಕ್ಕರೆ ಹಾಕಿದ ಹಾಲು. 'ಹಲ್ಲು ಉಜ್ಜಿಸ್ತೀರಾ?' ಅಕ್ಕ ಸ್ವಲ್ಪ ಹೆಮ್ಮೆಯಿಂದಲೇ 'ದಿನಾ ಬೆಳಿಗ್ಗೆ ತಪ್ಪದೆ ಉಜ್ಜಿಸ್ತೀನಿ ಡಾಕ್ಟ್ರೇ' ಅಂದಳು. 'ನಾನು ಕೇಳಿದ್ದು ರಾತ್ರಿ' ಅಂದರು ಅವರು.

ಅಕ್ಕನ ಮುಖ ಸಣ್ಣದಾಯಿತು. ನನ್ನದೂ ಆಯಿತು, ಬೇರೆ ಕಾರಣಕ್ಕೆ. ಪೇಸ್ಟಿನ ಜಾಹೀರಾತನ್ನು ಮೈಕಿನ ಮುಂದೆ ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಬೆಳಗು, ತಾಜಾತನ, ಮುತ್ತಿನಂಥ ಹೊಳಪು, ಇವೆಲ್ಲ ನನ್ನ ನಾಲಿಗೆ ತುದಿಯಲ್ಲೇ ಇವೆ. ರಾತ್ರಿ ಎನ್ನುವ ಪದವನ್ನು ಎಂದಾದರೂ ಓದಿದ್ದೆನೇ? ನೆನಪಿಲ್ಲ.

ನಮ್ಮ ಮಾತನ್ನೇ ನೋಡಿ. 'ಇನ್ನೂ ಹಲ್ಲುಜ್ಜಿಲ್ವಾ?' ಅಂದರೆ ಈಗಷ್ಟೇ ಎದ್ದೆಯಾ ಅಂತ ಅರ್ಥ. 'ಹಲ್ಲುಜ್ಜಿ ಮುಖ ತೊಳೆದು' ಅಂದ ಕೂಡಲೇ ಮುಂದಿನ ಪದ ಕಾಫಿ. ಹಲ್ಲುಜ್ಜುವುದು ಎಂಬ ಕೆಲಸವನ್ನು ನಮ್ಮ ಕನ್ನಡ ಬೆಳಗಿನ ಗೂಟಕ್ಕೆ ಕಟ್ಟಿಹಾಕಿಬಿಟ್ಟಿದೆ. ಇದು ಯಾವಾಗಿನಿಂದ? ಯಾರು ಕಲಿಸಿದರು? ಆ ಪ್ರಶ್ನೆ ಹಿಡಿದುಕೊಂಡು ಹೊರಟವಳಿಗೆ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಬಹಳ ಹಿಂದಕ್ಕೆ ಹೋಗೋಣ. ಬುದ್ಧ ತನ್ನ ಭಿಕ್ಷುಗಳಿಗೆ ಹಲ್ಲುಕಡ್ಡಿ ಬಳಸಲು ಅಪ್ಪಣೆ ಕೊಟ್ಟ ಪ್ರಸಂಗ ವಿನಯಪಿಟಕದಲ್ಲಿದೆ. ಕಡ್ಡಿ ಜಗಿಯದಿದ್ದರೆ ಐದು ಕೆಡುಕು ಎಂದು ಅಲ್ಲಿ ಪಟ್ಟಿಯೇ ಇದೆ. ಬಾಯಿ ನಾರುವುದು, ಊಟ ರುಚಿಸದಿರುವುದು ಅವುಗಳಲ್ಲಿ ಸೇರಿವೆ. ಕಡ್ಡಿಯ ಉದ್ದಕ್ಕೂ ನಿಯಮವಿತ್ತು: ಎಂಟು ಅಂಗುಲ ಮೀರಬಾರದು, ನಾಲ್ಕಕ್ಕಿಂತ ಗಿಡ್ಡ ಇರಬಾರದು. ಏಳನೆಯ ಶತಮಾನದಲ್ಲಿ ಚೀನಾದಿಂದ ಬಂದು ನಾಲಂದದಲ್ಲಿ ಓದಿದ ಇತ್ಸಿಂಗ್ ಎಂಬ ಭಿಕ್ಷು ಈ ಕಡ್ಡಿಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿಟ್ಟಿದ್ದಾನೆ. ಇವರು ಹೀಗೆ ಕಡ್ಡಿ ಜಗಿಯುವುದರಿಂದ ಭಾರತದಲ್ಲಿ ಹಲ್ಲುನೋವು ಅಪರೂಪ ಎಂದು ಅವನ ಅಭಿಪ್ರಾಯ. ಈಗ ಬಂದಿದ್ದರೆ ಏನು ಬರೆಯುತ್ತಿದ್ದನೋ!

ಸುಶ್ರುತ ಸಂಹಿತೆಯ ಕಡ್ಡಿ ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ. ಕಹಿಯಲ್ಲಿ ಬೇವು ಶ್ರೇಷ್ಠ, ಒಗರಿನಲ್ಲಿ ಖದಿರ ಅಂದರೆ ಕಾಚಿನ ಮರ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಕರಂಜ. ಕರಂಜ ಅಂದರೆ ಬೇರೆ ಯಾವುದೂ ಅಲ್ಲ, ನಮ್ಮ ಹೊಂಗೆ. ತುಮಕೂರು ಕಡೆಯ ನಮ್ಮ ಊರಲ್ಲಿ ಅಜ್ಜ ಬೆಳಿಗ್ಗೆ ಹೊಂಗೆಯ ಕಡ್ಡಿ ಮುರಿದುಕೊಂಡು ತೋಟದ ಕಡೆ ಹೋಗುತ್ತಿದ್ದರು. ಅಜ್ಜ ಸುಶ್ರುತನ ಹೆಸರು ಕೇಳಿದ್ದರೋ ಇಲ್ಲವೋ, ಮರವನ್ನಂತೂ ಸರಿಯಾಗಿಯೇ ಆರಿಸಿಕೊಂಡಿದ್ದರು.

ಆದರೆ ನನ್ನನ್ನು ನಿಲ್ಲಿಸಿದ್ದು ಮರಗಳ ಪಟ್ಟಿಯಲ್ಲ. ಚರಕ ಸಂಹಿತೆಯಲ್ಲಿ ಈ ಕಡ್ಡಿಯನ್ನು ತುದಿ ಜಜ್ಜಿ, ವಸಡಿಗೆ ನೋವಾಗದ ಹಾಗೆ ಬಳಸಬೇಕೆಂದು ಹೇಳಿದೆ. ಎಷ್ಟು ಸಲ? ದಿನಕ್ಕೆ ಎರಡು ಹೊತ್ತು! ಮುಂದೆ ವಾಗ್ಭಟ ಇನ್ನೂ ಬಿಡಿಸಿ ಹೇಳುತ್ತಾನೆ: ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಪುಣೆಯ ಆ ವೈದ್ಯೆ ಕೇಳಿದ ಪ್ರಶ್ನೆಗೆ ಸಾವಿರ ವರ್ಷಗಳಿಗೂ ಹಿಂದೆಯೇ ನಮ್ಮಲ್ಲಿ ಉತ್ತರ ಬರೆದಿಟ್ಟಿತ್ತು. ಪುಸ್ತಕದಲ್ಲಿ ಉಳಿಯಿತು, ಮನೆಯಲ್ಲಿ ಉಳಿಯಲಿಲ್ಲ. ಬೆಳಗಿನ ಹೊತ್ತಿನದು ಸ್ನಾನ, ಮಡಿ, ದೇವರ ಪೂಜೆಯ ಜೊತೆ ಸೇರಿಕೊಂಡು ಗಟ್ಟಿಯಾಯಿತು. ಊಟದ ನಂತರದ್ದು ಬಾಯಿ ಮುಕ್ಕಳಿಸುವುದಕ್ಕೆ ಇಳಿದು, ಕೆಲವು ಮನೆಗಳಲ್ಲಿ ಎಲೆಅಡಿಕೆಯೇ ಅದರ ಜಾಗದಲ್ಲಿ ಕೂತಿತು. ಇದು ನನ್ನ ಊಹೆ, ಒಪ್ಪದವರು ಪತ್ರ ಬರೆಯಿರಿ.

ಕಡ್ಡಿಯ ಜೊತೆಗೆ ಮನೆಮನೆಯ ಬಚ್ಚಲಲ್ಲಿ ಇದ್ದದ್ದು ಇದ್ದಿಲು, ಬೂದಿ, ಉಪ್ಪು. ಅಜ್ಜಿ ಇದ್ದಿಲು ಕುಟ್ಟಿ, ಉಪ್ಪು ಬೆರೆಸಿ ಡಬ್ಬಿಯಲ್ಲಿಟ್ಟಿರುತ್ತಿದ್ದರು. ತೋರುಬೆರಳಲ್ಲಿ ಒರೆಸಿಕೊಂಡರೆ ಬಾಯೆಲ್ಲ ಮಸಿ. ಆಮೇಲೆ ಅಂಗಡಿಯ ಹಲ್ಲುಪುಡಿಗಳು ಬಂದವು. ಮೈಸೂರು ಸೀಮೆಯವರಿಗೆ ನಂಜನಗೂಡು ಅಂದರೆ ಶ್ರೀಕಂಠೇಶ್ವರ, ರಸಬಾಳೆ, ಮೂರನೆಯದು ಹಲ್ಲುಪುಡಿ; ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯದು. ಮುಂಬೈಯವರಿಗೆ ನೋಗಿ ಕಂಪನಿಯ ಮಂಕಿ ಬ್ರಾಂಡ್ ಕಪ್ಪು ಪುಡಿ. ಚೆನ್ನೈಯಲ್ಲಿರುವ ಕೇಳುಗರು ಗುಲಾಬಿ ಬಣ್ಣದ ಗೋಪಾಲ್ ಪಲ್ಪೊಡಿಯನ್ನು ಮರೆತಿರಲಾರರು. ಅದನ್ನು ಉಜ್ಜುವುದಕ್ಕಿಂತ ನೆಕ್ಕಿದ್ದೇ ಹೆಚ್ಚು ಎಂದು ನಮ್ಮ ಸ್ಟುಡಿಯೋಗೆ ಬಂದಿದ್ದ ಹಿರಿಯರೊಬ್ಬರು ಹೇಳಿ ನಗಿಸಿದ್ದರು.

ಮಹಾರಾಷ್ಟ್ರದಲ್ಲಿ ಇರುವವರಿಗೆ ಇನ್ನೊಂದು ಪುಡಿ ಗೊತ್ತು: ಮಶೇರಿ. ಹೊಗೆಸೊಪ್ಪನ್ನು ಕಾವಲಿಯ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು. ಹಲ್ಲಿನ ಹೆಸರಲ್ಲಿ ನಡೆಯುವ ತಂಬಾಕು ಚಟ ಅದು. ಅಜ್ಜಿ ತಿಕ್ಕುವುದನ್ನು ನೋಡಿ ಮೊಮ್ಮಗಳು ಬೆರಳು ಅದ್ದುತ್ತಾಳೆ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳನ್ನು ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 1992ರಲ್ಲಿ ನಿಷೇಧಿಸಿತು. ಅಂಗಡಿಯ ಡಬ್ಬಿಗೆ ಕಾನೂನು ಮುಟ್ಟುತ್ತದೆ. ಮನೆಯ ಕಾವಲಿಗೆ ಮುಟ್ಟುವುದು ಕಷ್ಟ.

ಇಲ್ಲಿಯವರೆಗೆ ಒಂದು ಮಾತು ಗಮನಿಸಿದಿರಾ? ಮಕ್ಕಳಿಗೆ ಎಂದು ಯಾರೂ ಬೇರೆಯಾಗಿ ಕಲಿಸಿದ್ದಿಲ್ಲ. ದೊಡ್ಡವರು ಮಾಡಿದ್ದನ್ನು ನೋಡಿ ಮಕ್ಕಳು ಮಾಡಿದರು. ಕೂರಿಸಿ ಕಲಿಸುವ ಕೆಲಸ ಶುರುವಾಗಿ ಹೆಚ್ಚುಕಡಿಮೆ ನೂರು ವರ್ಷವಾಯಿತು, ಅಷ್ಟೆ. ಅದಕ್ಕೆ ಮೊದಲು ಹಲ್ಲು ಯಾಕೆ ಹುಳುಕಾಗುತ್ತದೆ ಎನ್ನುವುದು ಗೊತ್ತಾಗಬೇಕಿತ್ತು. ಹುಳ ತಿನ್ನುತ್ತದೆ ಎಂದೇ ನಮ್ಮ ಭಾಷೆ ನಂಬಿದೆ, ಹೆಸರಲ್ಲೇ ಹುಳ ಇದೆ. ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೇರೆಯೇ ಕಥೆ ಹೇಳಿದ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಹಲ್ಲಿಗಂಟಿದ ಹಿಟ್ಟು, ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಸಿಹಿ ತಿಂದ ಕೆಲವೇ ನಿಮಿಷದಲ್ಲಿ ಆಮ್ಲ ಏರಿ, ಜೊಲ್ಲು ಅದನ್ನು ತೊಳೆದು ಸರಿಮಾಡಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು ಎನ್ನುವುದನ್ನು 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಅಳೆದು ತೋರಿಸಿದ. ಈಗ ಒಂದೇ ಮಾತು ಸೇರಿಸಿ: ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಅಕ್ಕನ ಮಗಳ ಬಾಯಲ್ಲಿ ರಾತ್ರಿಯಿಡೀ ಏನು ನಡೆಯುತ್ತಿತ್ತು ಎಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ. ಬೆಳಿಗ್ಗೆ ಎಷ್ಟೇ ಉಜ್ಜಿದರೂ ಕಳ್ಳ ಹೋದ ಮೇಲೆ ಬಾಗಿಲು ಹಾಕಿದ ಹಾಗೆ.

ಮಕ್ಕಳಿಗೆ ಶಾಲೆಯಲ್ಲೇ ಕಲಿಸಬೇಕು ಎಂದು ಹೊರಟವರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್ ಎಂಬ ಊರಿನ ಆಲ್ಫ್ರೆಡ್ ಫೋನ್ಸ್ ಮುಖ್ಯರು. ತಮ್ಮ ಸಹಾಯಕಿ ಐರೀನ್ ನ್ಯೂಮನ್‌ಗೆ ಮೊದಲು ತರಬೇತಿ ಕೊಟ್ಟು, 1913ರಲ್ಲಿ ಇನ್ನಷ್ಟು ಹೆಂಗಸರನ್ನು ತಯಾರು ಮಾಡಿ, ಮರುವರ್ಷ ಅವರನ್ನು ಊರಿನ ಶಾಲೆಗಳಿಗೆ ಕಳಿಸಿದರು. ಈ ಹೆಂಗಸರು ಮಕ್ಕಳ ಹಲ್ಲು ಶುಚಿ ಮಾಡಿ, ತರಗತಿಯಲ್ಲಿ ಬ್ರಷ್ ಹಿಡಿಯುವುದನ್ನು ಹೇಳಿಕೊಟ್ಟು, ಮನೆಗೂ ಸುದ್ದಿ ಮುಟ್ಟಿಸುತ್ತಿದ್ದರು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ 1921ರಲ್ಲಿ ಶಾಲಾ ದಂತ ನರ್ಸುಗಳನ್ನೇ ನೇಮಿಸಲು ತೊಡಗಿತು. ಕಾಲಲ್ಲಿ ತುಳಿದು ತಿರುಗಿಸುವ ಡ್ರಿಲ್ ಹಿಡಿದು ಶಾಲೆಯ ಆವರಣದಲ್ಲೇ ಹಲ್ಲು ಕೊರೆದು ತುಂಬುವ ವ್ಯವಸ್ಥೆ. ಉದ್ದೇಶ ದೊಡ್ಡದು, ಕೆಲಸವೂ ದೊಡ್ಡದೇ ಆಯಿತು. ಆದರೆ ಅಲ್ಲಿನ ಮಕ್ಕಳು ಆ ಚಿಕಿತ್ಸಾಲಯಕ್ಕೆ ಇಟ್ಟ ಹೆಸರೇನು ಗೊತ್ತೇ? 'ಕೊಲೆಮನೆ'! ತಲೆಮಾರುಗಟ್ಟಲೆ ಆ ಹೆಸರೇ ಉಳಿಯಿತು. 'ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ' ಎಂದು ಹೆದರಿಸುವ ನಮ್ಮ ಮನೆಗಳೇನೂ ಇದರಲ್ಲಿ ಹಿಂದೆ ಬಿದ್ದಿಲ್ಲ ಬಿಡಿ.

ನಮ್ಮ ದೇಶದ ಮೊದಲ ದಂತವೈದ್ಯ ಕಾಲೇಜು 1920ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಕಟ್ಟಿದವರು ಅಮೆರಿಕದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹಮದ್. ಕಾಲೇಜಿಗೆ ದುಡ್ಡು ಬೇಕಲ್ಲ? ಅದಕ್ಕಾಗಿ ಅವರು ನ್ಯೂಯಾರ್ಕ್ ಸೋಡಾ ಫೌಂಟನ್ ಎಂಬ ಅಂಗಡಿ ತೆರೆದರು. ಸಿಹಿ ಸೋಡಾ ಮಾರಿ ಹಲ್ಲಿನ ಕಾಲೇಜು ನಡೆಸಿದ ಮನುಷ್ಯ! ಓದಿದಾಗ ನಾನು ಜೋರಾಗಿ ನಕ್ಕೆ. ಆಮೇಲೆ ಯೋಚಿಸಿದರೆ, ಬೇರೆ ಯಾರೂ ದುಡ್ಡು ಕೊಡದ ಕಾಲದಲ್ಲಿ ಇನ್ನೇನು ಮಾಡಬೇಕಿತ್ತು ಅನ್ನಿಸಿತು. ನಮ್ಮ ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಬಂದದ್ದು 1958ರಲ್ಲಿ. ಅಂದರೆ ಕೋಟಿಗಟ್ಟಲೆ ಮಕ್ಕಳಿದ್ದ ನಾಡಿನಲ್ಲಿ ಹೇಳಿಕೊಡುವ ವೈದ್ಯರು ಬೆರಳೆಣಿಕೆ. ಆ ಖಾಲಿ ಜಾಗಕ್ಕೆ ಬಂದು ಕೂತ ಮೇಷ್ಟ್ರು ಯಾರು? ಪೇಸ್ಟಿನ ಕಂಪನಿ. ಅದರ ಬಾಯಿ ಯಾವುದು? ರೇಡಿಯೋ.

ಇದರ ಮೊದಲ ಪಾಠವೂ ಅಮೆರಿಕದ್ದೇ. ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರಹಗಾರ ಪೆಪ್ಸೊಡೆಂಟ್ ಮಾರಬೇಕಾದಾಗ ರೋಗದ ಮಾತು ಎತ್ತಲಿಲ್ಲ. ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿ, ಒಂದು ಪೊರೆ ತಾಗುತ್ತದೆ, ಅದನ್ನು ತೆಗೆದರೆ ಚೆಲುವು ಎಂದ. ಜನ ನಾಲಿಗೆ ಆಡಿಸಿದರು, ಪೇಸ್ಟು ಕೊಂಡರು. 1929ರಲ್ಲಿ ಅದೇ ಪೆಪ್ಸೊಡೆಂಟ್ 'ಏಮಸ್ ಅಂಡ್ ಆಂಡಿ' ಎಂಬ ರೇಡಿಯೋ ಧಾರಾವಾಹಿಯ ಪ್ರಾಯೋಜಕನಾಯಿತು. ಇಬ್ಬರು ಬಿಳಿಯ ನಟರು ಕರಿಯರ ದನಿಯನ್ನು ಅಣಕಿಸಿ ನಡೆಸುತ್ತಿದ್ದ ಕಾರ್ಯಕ್ರಮ. ಇಂದು ಕೇಳಿದರೆ ಮುಜುಗರವಾಗುತ್ತದೆ. ಅಂದು ದೇಶವೇ ಕಿವಿಗೊಟ್ಟು ಕೂರುತ್ತಿತ್ತು.

ನಮ್ಮಲ್ಲಿ ಈ ಕಥೆ ಇನ್ನೂ ಸ್ವಾರಸ್ಯ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳೆಂದರೆ ಆಗದು. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಾಣೆಯಾಯಿತು. ಕೇಳುಗರೇನು ಶಾಸ್ತ್ರೀಯ ಸಂಗೀತಕ್ಕೆ ಕೂತರೇ? ರೇಡಿಯೋದ ಮುಳ್ಳನ್ನು ಶಾರ್ಟ್‌ವೇವ್‌ಗೆ ತಿರುಗಿಸಿ ಕೊಲಂಬೋದ ರೇಡಿಯೋ ಸಿಲೋನ್ ಹಿಡಿದರು. ಅಲ್ಲಿ 1952ರ ಡಿಸೆಂಬರ್ 3ರ ಬುಧವಾರ ರಾತ್ರಿ ಶುರುವಾದದ್ದೇ 'ಬಿನಾಕಾ ಗೀತ್‌ಮಾಲಾ'. ಬಿನಾಕಾ ಎಂದರೆ ಸೀಬಾ ಕಂಪನಿಯ ಟೂತ್‌ಪೇಸ್ಟು. ನಿರೂಪಕ ಅಮೀನ್ ಸಯಾನಿಯವರಿಗೆ ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ. ಮುಂಬೈಯಲ್ಲಿ ಮುದ್ರಿಸಿದ ಟೇಪು ಕೊಲಂಬೋಗೆ ಹೋಗಿ, ಅಲ್ಲಿಂದ ಅಲೆಯ ಮೇಲೆ ಮತ್ತೆ ನಮ್ಮ ಮನೆಗಳಿಗೆ ಬರುತ್ತಿತ್ತು. ಸಾವಿರ ಸಾವಿರ ಪತ್ರಗಳು. ನನ್ನಂಥ ಉದ್ಘೋಷಕಿಗೆ ಪುರಾಣದ ಹಾಗೆ ಕೇಳಿಸುವ ಕಾಲ ಅದು. ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಮ್ಮ ಸ್ಟುಡಿಯೋದಲ್ಲಿ ಭಾಷೆಯ ಭೇದವಿಲ್ಲದೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ನನ್ನ ಅಮ್ಮ ಅದನ್ನು ಕೇಳಿ ಬೆಳೆದವಳು. ಊರಲ್ಲಿ ಹಿಂದಿ ಬರುತ್ತಿದ್ದವರು ಯಾರೂ ಇಲ್ಲ, ಆದರೂ ಬುಧವಾರ ರಾತ್ರಿ ಎಂಟು ಗಂಟೆಗೆ ಶ್ಯಾನುಭೋಗರ ಮನೆಯ ಜಗಲಿ ತುಂಬುತ್ತಿತ್ತಂತೆ. 'ಬೆಹನೋ ಔರ್ ಭಾಯಿಯೋ' ಎನ್ನುವ ದನಿ ಬಂದ ಕೂಡಲೇ ಮಕ್ಕಳೂ ಗಪ್‌ಚಿಪ್. ಬಿನಾಕಾ ಎಂಬ ಹೆಸರು ಹೀಗೆ ಮನೆಗೆ ಬಂತು. ಅದರ ಹಿಂದೆಯೇ ಪೇಸ್ಟು ಬಂತು, ಪೇಸ್ಟಿನ ಡಬ್ಬಿಯಲ್ಲಿ ಬೆರಳುಗಾತ್ರದ ಪ್ಲಾಸ್ಟಿಕ್ ಪ್ರಾಣಿ ಬಂತು. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಅವು ನೆನಪಿರಲೇಬೇಕು. ನಮ್ಮ ಮಾವ ಆ ಪ್ರಾಣಿಗಳನ್ನು ಬೆಂಕಿಪೊಟ್ಟಣದಲ್ಲಿ ಮಲಗಿಸಿ ಇಡುತ್ತಿದ್ದರಂತೆ. ಹೊಸ ಪ್ರಾಣಿ ಬೇಕೆಂದರೆ ಪೇಸ್ಟು ಮುಗಿಯಬೇಕು, ಮುಗಿಯಬೇಕೆಂದರೆ ಉಜ್ಜಬೇಕು. ಮಾವ ಉಜ್ಜಿದ್ದು ಸ್ವಲ್ಪ, ಬಚ್ಚಲಿಗೆ ಹಿಂಡಿದ್ದು ಬಹಳ. ಅಜ್ಜನ ಕೈಯಲ್ಲಿ ಏಟೂ ತಿಂದರು. ಏನೇ ಅನ್ನಿ, ಇದ್ದಿಲಿನಿಂದ ಬ್ರಷ್ಷಿಗೆ ಮಕ್ಕಳನ್ನು ಎಳೆದು ತಂದದ್ದರಲ್ಲಿ ಆ ಹಾಡಿನದೂ ಆಟಿಕೆಯದೂ ಪಾಲು ಇದೆ. ಅದನ್ನು ಅಲ್ಲಗಳೆಯಬಾರದು.

ಆದರೆ ಆ ಜಗಲಿಯನ್ನು ಇನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿ. ರಾತ್ರಿ ಎಂಟು ಗಂಟೆ. ಪೇಸ್ಟಿನ ಹೆಸರು ಹತ್ತಾರು ಸಲ ಕಿವಿಗೆ ಬೀಳುತ್ತಿದೆ. ಕಾರ್ಯಕ್ರಮ ಮುಗಿಯುತ್ತದೆ. ಮಕ್ಕಳು ಬೆಲ್ಲವೋ ಬಾಳೆಹಣ್ಣೋ ತಿಂದು ಹಾಗೆಯೇ ಮಲಗುತ್ತಾರೆ. 'ಮಲಗೋ ಮುಂಚೆ ಯಾರಾದ್ರೂ ಹಲ್ಲುಜ್ಜಿದ್ರಾ?' ಎಂದು ಅಮ್ಮನನ್ನು ಕೇಳಿದೆ. 'ರಾತ್ರಿ ಯಾಕೆ ಉಜ್ಜಬೇಕೇ?' ಎಂದು ಅವಳು ನನ್ನನ್ನೇ ಕೇಳಿದಳು.

ಮುಂದಿನದು ನಿಮಗೂ ಗೊತ್ತು. ಕೇಳುಗರನ್ನು ವಾಪಸು ಕರೆಯಲು 1957ರಲ್ಲಿ ವಿವಿಧ ಭಾರತಿ ಬಂತು, 1967ರ ನವೆಂಬರಿನಲ್ಲಿ ಮುಂಬೈ, ಪುಣೆ, ನಾಗಪುರಗಳಲ್ಲಿ ಅದರ ಮೇಲೆ ಜಾಹೀರಾತು ಶುರುವಾಯಿತು, 1976ರಲ್ಲಿ ದೂರದರ್ಶನದಲ್ಲೂ. ನಾನು ಚಿಕ್ಕವಳಿದ್ದಾಗ ಟಿವಿಯಲ್ಲಿ ಶಾಲೆಯ ಮೇಷ್ಟರ ಹಲ್ಲಿನ ಬಗ್ಗೆ ಹುಡುಗನೇ ಪ್ರಶ್ನೆ ಎತ್ತುವ ಹಲ್ಲುಪುಡಿಯ ಜಾಹೀರಾತಿತ್ತು. ಇನ್ನೊಂದರಲ್ಲಿ ಪೈಲ್ವಾನನೊಬ್ಬ ಮೈಗೆ ಹಾಲು ಬಾದಾಮಿ, ಹಲ್ಲಿಗೆ ಮಾತ್ರ ಇದ್ದಿಲು ಎಂದು ಗೇಲಿಗೊಳಗಾಗುತ್ತಿದ್ದ. ಅಜ್ಜಿಯ ಡಬ್ಬಿಯನ್ನು ನಾವು ನಾಚಿಕೊಂಡು ಬಚ್ಚಲಿನಿಂದ ಎತ್ತಿಟ್ಟದ್ದು ಅದನ್ನು ನೋಡಿಯೇ. ಈಗ ಮಾಲ್‌ಗೆ ಹೋಗಿ ನೋಡಿ, ಇದ್ದಿಲು ಇದೆ ಎಂದೇ ಹೆಚ್ಚು ಬೆಲೆಗೆ ಪೇಸ್ಟು ಮಾರುತ್ತಾರೆ!

ಈ ಪಾಠಗಳಲ್ಲಿ ಒಂದು ಚಿತ್ರವಂತೂ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಬ್ರಷ್ಷಿನ ಈ ತುದಿಯಿಂದ ಆ ತುದಿಗೆ ಅಲೆಯಂತೆ ಸುರುಳಿ ಹೊಡೆದ ಪೇಸ್ಟು. ಅಷ್ಟು ಪೇಸ್ಟು ಮಗುವಿಗೆ ಬೇಡವೇ ಬೇಡ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಅಲ್ಲಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು ಎನ್ನುತ್ತಾರೆ ಈಗಿನ ವೈದ್ಯರು. ಇದು ಜಿಪುಣತನವಲ್ಲ. ಕಾರಣ ಫ್ಲೋರೈಡು, ಅದರ ಕಥೆಯಲ್ಲಿ ನಮ್ಮ ಊರಿನದೂ ಒಂದು ಪಾತ್ರವಿದೆ.

ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡ. ಆ ಹಲ್ಲುಗಳು ಹುಳುಕಾಗುವುದು ಮಾತ್ರ ಕಡಿಮೆ. ಮೂವತ್ತು ವರ್ಷ ಬೆನ್ನುಹತ್ತಿದ ಮೇಲೆ, 1931ರಲ್ಲಿ, ಕುಡಿಯುವ ನೀರಿನ ಫ್ಲೋರೈಡೇ ಕಾರಣ ಎಂದು ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಪತ್ತೆಹಚ್ಚಿದ. ಹಿತಮಿತವಾಗಿದ್ದರೆ ಹಲ್ಲಿಗೆ ಕಾವಲು, ಮಿತಿಮೀರಿದರೆ ಕಲೆ, ಇನ್ನೂ ಮೀರಿದರೆ ಮೂಳೆಗೇ ಪೆಟ್ಟು. 1945ರ ಜನವರಿಯಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸಲು ಶುರುಮಾಡಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹುಳುಕು ಅರ್ಧಕ್ಕಿಂತ ಹೆಚ್ಚು ಇಳಿಯಿತು. 1950ರ ದಶಕದಲ್ಲಿ ಅದು ಪೇಸ್ಟಿಗೂ ಬಂತು.

ಅದೇ ಫ್ಲೋರೈಡಿನ ಇನ್ನೊಂದು ಮುಖ ನಮ್ಮ ನೆಲದಲ್ಲಿ ಕಾಣಿಸಿತು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರಿನಿಂದ ಭಾರತದ ಮೊದಲ ಫ್ಲೋರೋಸಿಸ್ ವರದಿ ಬಂತು. ಹೈದರಾಬಾದಿನ ಕೇಳುಗರಿಗೆ ನಲ್ಗೊಂಡದ ನೀರಿನ ಬಗ್ಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಕೊಳವೆಬಾವಿಗಳದ್ದೂ ಅದೇ ಕಥೆ. ಪಾವಗಡದ ಕಡೆಯ ನಮ್ಮ ನೆಂಟರ ಹುಡುಗಿಯೊಬ್ಬಳು ಮದುವೆಯ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡೇ ನಕ್ಕಿದ್ದಾಳೆ. ಅವಳು ಹಲ್ಲುಜ್ಜಲಿಲ್ಲ ಎಂದು ಆಡಿಕೊಂಡವರಿದ್ದರು. ಹಲ್ಲು ಒಳಗೊಳಗೇ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ನೀರಿನ ಕಲೆ ಅದು, ಉಜ್ಜಿದರೆ ಹೋಗುವಂಥದಲ್ಲ. ನಿಮ್ಮಲ್ಲಿ ಯಾರಾದರೂ ಮಕ್ಕಳನ್ನು ಅಂಥ ಊರಲ್ಲಿ ಅಜ್ಜಿಮನೆಯಲ್ಲಿ ಬಿಟ್ಟು ಇಲ್ಲಿ ದುಡಿಯುತ್ತಿದ್ದರೆ, ನೀರಿನ ವಿಷಯ ವಿಚಾರಿಸಿ, ಯಾವ ಪೇಸ್ಟು ಎಂದು ವೈದ್ಯರನ್ನು ಕೇಳಿ. ಉಳಿದ ಕಡೆ ಮಗುವಿಗೆ ಫ್ಲೋರೈಡ್ ಪೇಸ್ಟು ಬೇಕು, ಆದರೆ ನುಂಗಬಾರದು. ಅದಕ್ಕೇ ಅಕ್ಕಿಕಾಳು, ಬಟಾಣಿ ಕಾಳಿನ ಅಳತೆ. ಉಜ್ಜಿದ ಮೇಲೆ ಉಗುಳಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮತ್ತೆ ಮತ್ತೆ ಮುಕ್ಕಳಿಸಿದರೆ ಹಲ್ಲಿಗೆ ಹತ್ತಬೇಕಾದದ್ದೂ ತೊಳೆದುಹೋಗುತ್ತದೆ. ಇದನ್ನು ಕೇಳಿ ನಮ್ಮ ಅಮ್ಮ 'ಥೂ' ಅಂದಳು. ನಮ್ಮವರಿಗೆ ಇದು ಸ್ವಲ್ಪ ಕಷ್ಟವೇ.

ಇನ್ನು ಸಿಹಿ. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ 1945ರಿಂದ ಒಂದು ಪ್ರಯೋಗ ನಡೆಯಿತು. ಬುದ್ಧಿಮಾಂದ್ಯರೆಂದು ಅಲ್ಲಿ ಇರಿಸಿದ್ದ ಜನರಿಗೆ, ಅವರ ಒಪ್ಪಿಗೆ ಇಲ್ಲದೆ, ಬೇಕೆಂದೇ ಹಲ್ಲಿಗೆ ಮೆತ್ತಿಕೊಳ್ಳುವ ಹಾಗೆ ಮಾಡಿದ ಟಾಫಿಗಳನ್ನು ತಿನ್ನಿಸಿ ಹಲ್ಲು ಹೇಗೆ ಹಾಳಾಗುತ್ತದೆ ಎಂದು ನೋಡಿದರು. ಕೆಲವರಿಗೆ ದಿನಕ್ಕೆ 24 ಟಾಫಿ. ಖರ್ಚಿನಲ್ಲಿ ಮಿಠಾಯಿ ಉದ್ಯಮದ ಪಾಲೂ ಇತ್ತು. ಆ ಬಡಪಾಯಿಗಳ ಹಲ್ಲು ಹೋಯಿತು, ಜಗತ್ತಿಗೆ ತಿಳಿವಳಿಕೆ ಬಂತು: ಎಷ್ಟು ಸಕ್ಕರೆ ತಿಂದರು ಎನ್ನುವುದಕ್ಕಿಂತ, ಊಟದ ನಡುನಡುವೆ ಎಷ್ಟು ಸಲ ತಿಂದರು, ಹಲ್ಲಿಗೆ ಎಷ್ಟು ಹೊತ್ತು ಅಂಟಿತ್ತು ಎನ್ನುವುದೇ ಮುಖ್ಯ. ಮಕ್ಕಳಿಗೆ ದಿನವೂ ಮಿಠಾಯಿ ಬೇಡ, ವಾರಕ್ಕೊಂದು ದಿನ ಕೊಡಿ ಎಂದು ಅಲ್ಲಿನ ವೈದ್ಯಾಧಿಕಾರಿಗಳು ಹೇಳಿದರು. 'ಶನಿವಾರದ ಮಿಠಾಯಿ' ಎನ್ನುವುದು ಈಗ ಆ ದೇಶದ ಮಕ್ಕಳ ಹಬ್ಬದಂತಾಗಿದೆ. ಅದು ಯಾರ ಹಲ್ಲಿನ ಮೇಲೆ ಕಟ್ಟಿದ ಹಬ್ಬ ಎಂದು ತಿಳಿದ ಮೇಲೆ ಬಾಯಿ ಕಹಿಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಚಿಲ್ಲರೆ ಇಲ್ಲ ಎಂದು ಚಾಕಲೇಟು ಕೊಡುತ್ತಿದ್ದ ಕಾಲ ಫೋನಿನ ಪೇಮೆಂಟು ಬಂದ ಮೇಲೆ ಕಡಿಮೆಯಾಯಿತು. ಯಾರೂ ಯೋಜಿಸದೆ ಆದ ಉಪಕಾರ.

ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಹುಳುಕು ಹಲ್ಲಿತ್ತು. ಬಿನಾಕಾ ಶುರುವಾಗಿ ಆಗ ಐವತ್ತು ವರ್ಷ.

ಪುಣೆಯ ವೈದ್ಯೆ ಅರಿವಳಿಕೆ ಕೊಟ್ಟು ಅಕ್ಕನ ಮಗಳ ಎರಡು ಹಲ್ಲು ತೆಗೆದರು, ಎರಡನ್ನು ಉಳಿಸಿದರು. ಬಾಟಲಿ ಬಿಡಿಸಲು ಅಕ್ಕ ಪಟ್ಟ ಪಾಡು ಬೇರೆಯೇ ಪುರಾಣ: ಹಾಲಿನಲ್ಲಿ ಸಕ್ಕರೆ ಕಡಿಮೆ ಮಾಡಿದಳು, ಆಮೇಲೆ ಲೋಟಕ್ಕೆ ಬದಲಿಸಿದಳು, ಹಾಲನ್ನು ಊಟದ ಹೊತ್ತಿಗೆ ಸರಿಸಿದಳು. ನಾಲ್ಕು ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ. ಇನ್ನೊಂದು ಮಾತನ್ನು ವೈದ್ಯೆ ಒತ್ತಿ ಹೇಳಿದ್ದರು. ಏಳೆಂಟು ವರ್ಷದವರೆಗೆ ಮಗು ತಾನೇ ಉಜ್ಜಿಕೊಂಡರೂ ದೊಡ್ಡವರ ಕೈ ಒಂದು ಸಲ ಆಡಲೇಬೇಕು. ಆ ವಯಸ್ಸಿನ ಬೆರಳಿಗೆ ಹಿಂದಿನ ಹಲ್ಲಿನವರೆಗೆ ಸರಿಯಾಗಿ ಹೋಗುವ ಹಿಡಿತ ಇರುವುದಿಲ್ಲ. ಹೀಗಾಗಿ ಭಾವ ರಾತ್ರಿ ಪಾಳಿಯಲ್ಲಿ ಇಲ್ಲದ ದಿನ ಅವರದೇ ಡ್ಯೂಟಿ. ಬಚ್ಚಲಿನ ಬಾಗಿಲಲ್ಲಿ ಮೊಬೈಲ್ ಇಟ್ಟು ಒಂದು ಹಳೆಯ ಚಿತ್ರಗೀತೆ ಹಾಕುತ್ತಾರೆ. ಎರಡು ನಿಮಿಷ ಉಜ್ಜಬೇಕು, ಹಾಡು ಮೂರು ನಿಮಿಷ ಚಿಲ್ಲರೆ. ಉಳಿದ ಒಂದು ನಿಮಿಷ ಕುಣಿತ. ಹಾಡು ಆರಿಸುವ ಕೆಲಸ ನನ್ನದು.

ಅವಳಿಗೆ ಈಗ ಏಳು. ಕಳೆದ ತಿಂಗಳು ಕೆಳಗಿನ ಹಾಲುಹಲ್ಲೊಂದು ಬಿದ್ದಾಗ ರಾತ್ರಿಯೇ ಫೋನ್ ಮಾಡಿದಳು. 'ಚಿಕ್ಕಮ್ಮಾ, ಅಜ್ಜಿ ಹಲ್ಲನ್ನ ಸಗಣಿಯಲ್ಲಿಟ್ಟು ಮನೆ ಮೇಲೆ ಎಸೀಬೇಕು ಅಂತಾರೆ. ನಮ್ಮ ಮನೆ ಮೇಲೆ ಇನ್ನೂ ಐದು ಮನೆ ಇದೆ. ಸಗಣಿನೂ ಇಲ್ಲ. ಏನ್ ಮಾಡ್ಲಿ?' ನನಗೂ ತಕ್ಷಣ ಹೊಳೆಯಲಿಲ್ಲ. ಸದ್ಯಕ್ಕೆ ಬೆಂಕಿಪೊಟ್ಟಣದಲ್ಲಿ ಇಟ್ಟಿರು, ಮೇ ರಜೆಗೆ ಊರಿಗೆ ಹೋದಾಗ ಅಜ್ಜಿಮನೆಯ ಹೆಂಚಿನ ಮೇಲೆ ಎಸೆಯೋಣ ಅಂದೆ. ಮುಂದಿನ ಹಲ್ಲು ಕೂಡ ಅಲುಗಾಡುತ್ತಿದೆಯಂತೆ, ಅಷ್ಟರಲ್ಲಿ ಎರಡಾಗಬಹುದು ಎಂದು ಲೆಕ್ಕ ಹಾಕಿ ಫೋನ್ ಇಟ್ಟಳು.